ಅಂಟಿಕೊಂಡ ಕರುಳಿಗೆ ಜಪಾನಿನ ಹಾಳೆ

ಪ್ರಶ್ನೆ: ಡಾಕ್ಟರೇ, ಅಮ್ಮನಿಗೆ 58 ವರ್ಷ. ಹಿಂದೆ ಸಿಸೇರಿಯನ್ ಆಗಿತ್ತು, ನಂತರ ಗರ್ಭಕೋಶವನ್ನೂ ತೆಗೆದರು. ಈಗ ಆಗಾಗ ಹೊಟ್ಟೆನೋವು, ವಾಂತಿ. ‘ಕರುಳು ಅಂಟಿಕೊಂಡಿದೆ’ ಎಂದಿದ್ದಾರೆ. ಜಪಾನಿನಲ್ಲಿ ಜೀವಕೋಶಗಳ ಹಾಳೆ ಬೆಳೆಸಿ ಹೊಟ್ಟೆಯೊಳಗೆ ಹೊದಿಸುತ್ತಾರಂತೆ. ಇಲ್ಲೊಂದು ಕ್ಲಿನಿಕ್‌ನವರು ‘ನಮ್ಮಲ್ಲೂ ಸ್ಟೆಮ್ ಸೆಲ್ ಇದೆ’ ಎಂದು ಮೂರು ಲಕ್ಷ ಕೇಳುತ್ತಿದ್ದಾರೆ. ಹೊಲದ ಮೇಲೆ ಸಾಲ ಮಾಡಲೇ?
— ಓದುಗರು, ದಾವಣಗೆರೆ

ಉತ್ತರ: ಮಾಡಬೇಡಿ. ಜಪಾನಿನ ಸುದ್ದಿ ಸುಳ್ಳಲ್ಲ. ಆದರೆ ಅದಕ್ಕೂ ಆ ಮೂರು ಲಕ್ಷಕ್ಕೂ ಸಂಬಂಧವಿಲ್ಲ.

ಹೊಟ್ಟೆಯ ಒಳಗೋಡೆಗೂ ಕರುಳಿಗೂ ಹೊದ್ದುಕೊಂಡಿರುವ ಪೊರೆಗೆ ಪೆರಿಟೋನಿಯಂ ಎಂದು ಹೆಸರು. ಅದರ ಮೇಲ್ಮೈಯಲ್ಲಿರುವುದು ಒಂದೇ ಒಂದು ಪದರ ಕೋಶಗಳು. ಕರುಳು ಜಾರಾಡಿಕೊಂಡಿರುವುದು ಇವುಗಳ ದಯೆಯಿಂದ. ಶಸ್ತ್ರಚಿಕಿತ್ಸೆಯಲ್ಲಿ ನಮ್ಮ ಕೈಗವಸು, ಬಟ್ಟೆ ತಗುಲಿದರೂ ಸಾಕು, ಪದರ ಕಿತ್ತುಬರುತ್ತದೆ. ಗಾಯದ ಮೇಲೆ ಫೈಬ್ರಿನ್ ಎಂಬ ಅಂಟು ಕೂರುತ್ತದೆ. ಅದನ್ನು ಕರಗಿಸಬೇಕಾದವು ಆ ಕೋಶಗಳೇ. ಅವೇ ಇಲ್ಲವಾದರೆ ಅಂಟು ಉಳಿದು, ನಾರುಗಟ್ಟಿ, ಕರುಳಿನ ಎರಡು ಕುಣಿಕೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ.

ಕಳೆದುಹೋದ ಪದರವನ್ನೇ ಬೆಳೆಸಿ ಹೊದಿಸಬಾರದೇಕೆ? ಟೋಕಿಯೊ ಮಹಿಳಾ ವೈದ್ಯಕೀಯ ವಿಶ್ವವಿದ್ಯಾಲಯದ ತೆರುಒ ಒಕಾನೊ ಅವರ ತಂಡ ಹಿಡಿದದ್ದು ಈ ದಾರಿ. ಅವರ ಜಾಣತನವೆಲ್ಲ ಇರುವುದು ಕೋಶ ಬೆಳೆಸುವ ತಟ್ಟೆಯಲ್ಲಿ. ಸಾಮಾನ್ಯ ತಟ್ಟೆಯಿಂದ ಕೋಶಗಳನ್ನು ಬಿಡಿಸಲು ಟ್ರಿಪ್ಸಿನ್ ಎಂಬ, ಪ್ರೋಟೀನು ಕತ್ತರಿಸುವ ಕಿಣ್ವ ಹಾಕಬೇಕು. ಆಗ ಅವು ಚೆಲ್ಲಾಪಿಲ್ಲಿ. ಇವರು ತಟ್ಟೆಗೆ ಬಿಸಿ-ತಂಪಿಗೆ ಸ್ವಭಾವ ಬದಲಿಸುವ ಪಾಲಿಮರ್ ಲೇಪಿಸಿದರು. 37 ಡಿಗ್ರಿಯಲ್ಲಿ ಕೋಶಗಳು ಅದಕ್ಕೆ ಕಚ್ಚಿಕೊಂಡು ಬೆಳೆಯುತ್ತವೆ. 32ಕ್ಕಿಂತ ಕೆಳಗೆ ತಣಿಸಿದರೆ ಲೇಪ ನೀರು ಕುಡಿಯುತ್ತದೆ; ಅಂಚು ಮೆಲ್ಲನೆ ಏಳುತ್ತದೆ, ಹಾಲಿನ ಕೆನೆಯಂತೆ ಇಡೀ ಪದರ ಬಿಟ್ಟುಕೊಳ್ಳುತ್ತದೆ. ಅಡಿಯ ಪ್ರೋಟೀನುಗಳೂ ಜೊತೆಗೇ ಬರುವುದರಿಂದ ಹೊಲಿಗೆ ಇಲ್ಲದೆಯೂ ಅಂಗಾಂಶಕ್ಕೆ ಕೂರುತ್ತದೆ.

ಹೊಟ್ಟೆಯ ಮಟ್ಟಿಗೆ ಹೆಸರಾದದ್ದು 2006ರಲ್ಲಿ ಪ್ರಕಟವಾದ, ನಾಯಿಗಳ ಮೇಲಿನ ಪ್ರಯೋಗ. ಅವುಗಳದೇ ಕೋಶದ ಹಾಳೆ ಹೊದಿಸಿದಾಗ ಅಂಟುವುದು ತಪ್ಪಿತು. ಕೋಶ ತೆಗೆದದ್ದು ವೃಷಣದ ಸುತ್ತಲಿನ ಪೊರೆಯಿಂದ. ಅದು ಪೆರಿಟೋನಿಯಂನದೇ ತುಂಡು, ಹೊಟ್ಟೆ ತೆರೆಯದೆ ಕೈಗೆ ಸಿಗುತ್ತದೆ. ನಿಮ್ಮ ತಾಯಿಯವರಿಗೆ ಆ ದಾರಿಯೂ ಇಲ್ಲ ಎನ್ನುವುದನ್ನು ಗಮನಿಸಿ!

ಇನ್ನೊಂದು ತೊಡಕು ಪ್ರಬಂಧಗಳಿಗಿಂತ ವಾರ್ಡಿನಲ್ಲಿ ಚೆನ್ನಾಗಿ ಕಾಣುತ್ತದೆ. ಹಾಳೆ ಬೆಳೆಯಲು ದಿನಗಳು ಬೇಕು. ಕರುಳು ಕಟ್ಟಿಕೊಂಡವರು ಬರುವುದು ರಾತ್ರಿ ಎರಡು ಗಂಟೆಗೆ. ಅದೂ ಅಲ್ಲದೆ, ಹಾಳೆ ಹೊಸ ಅಂಟು ತಡೆಯಬಹುದೇ ಹೊರತು ಹಳೆಯದನ್ನು ಬಿಡಿಸುವುದಿಲ್ಲ. ಬಿಡಿಸಲು ಮತ್ತೆ ಶಸ್ತ್ರಚಿಕಿತ್ಸೆಯೇ ಆಗಬೇಕು. ಜಪಾನಿನಲ್ಲೇ ಹೃದಯಕ್ಕೆ ಹೊದಿಸುವ ಕೋಶದ ಹಾಳೆಗೆ 2015ರಲ್ಲಿ ಷರತ್ತಿನ ಅನುಮತಿ ಸಿಕ್ಕಿತ್ತು. 2024ರಲ್ಲಿ ಪರಿಣಾಮ ಸಾಬೀತಾಗಲಿಲ್ಲವೆಂದು ತಜ್ಞರು ಪೂರ್ಣ ಅನುಮತಿಗೆ ಒಪ್ಪಲಿಲ್ಲ. ಕಂಡುಹಿಡಿದ ದೇಶವೇ ಇಷ್ಟು ಬಿಗಿಯಾಗಿರುವಾಗ ನಮ್ಮ ಪೇಟೆಯ ಕ್ಲಿನಿಕ್‌ಗೆ ಯಾವ ಧೈರ್ಯ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಂಥ ಕೆಲವಕ್ಕೆ ಮಾಡುವ ಅಸ್ಥಿಮಜ್ಜೆ ಕಸಿ ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಆ ಕ್ಲಿನಿಕ್‌ನವರ ಬಳಿ ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ ನೋಡಿ, ಮಾತು ಬದಲಾಗುತ್ತದೆ.

ನೋವು ಬಂದಾಗಲೆಲ್ಲ ಆಪರೇಷನ್ ಬೇಡ. ಬಾಯಿಗೆ ಏನೂ ಕೊಡದೆ, ಮೂಗಿನ ನಳಿಕೆ ಹಾಕಿ, ಡ್ರಿಪ್ ಕೊಟ್ಟರೆ ಬಹಳ ಮಂದಿಗೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಆದರೆ ಅದು ಆಸ್ಪತ್ರೆಯಲ್ಲಿ ಆಗಬೇಕು. ಹೊಟ್ಟೆ ಉಬ್ಬಿ, ವಾಂತಿಯಾಗುತ್ತಾ, ಗಾಳಿಯೂ ಹೋಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ತಂದೆಯವರು ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುತ್ತಾರೆ. ಪೊರೆ ಸವೆಯುತ್ತದೆಯಂತೆ. ಅದಕ್ಕೂ ಈ ಹಾಳೆ ಬರುತ್ತದೆಯೇ?
— ಓದುಗರು, ಶಿರಸಿ

ಉತ್ತರ: ಸವೆಯುವುದು ನಿಜ. ಈ ಡಯಾಲಿಸಿಸ್‌ನಲ್ಲಿ ರಕ್ತ ಸೋಸುವ ಜಾಲರಿ ಪೆರಿಟೋನಿಯಂ ಪೊರೆಯೇ. ಹೊಟ್ಟೆಗೆ ತುಂಬುವ ದ್ರವದಲ್ಲಿರುವ ಗ್ಲೂಕೋಸ್ ವರ್ಷಗಟ್ಟಲೆ ತಾಗಿ ಕೋಶಗಳು ಉದುರುತ್ತವೆ, ಪೊರೆ ದಪ್ಪಗಾಗುತ್ತದೆ. ಅದೇ ಟೋಕಿಯೊ ತಂಡ ಇಲಿಗಳಲ್ಲಿ ಹಾಳೆ ಹೊದಿಸಿ ಅಂಟು ತಡೆದಿದೆ. ನಿಮ್ಮ ತಂದೆಯವರಿಗೆ ಇನ್ನೂ ದೂರ. ಪೊರೆಯನ್ನು ಬೇಗ ಕೆಡಿಸುವುದು ಸೋಂಕು. ಹೊರಬಂದ ದ್ರವ ಕದಡಿದಂತೆ ಕಂಡರೆ ಆ ಚೀಲವನ್ನೂ ಹಿಡಿದುಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಿ.