ಕಾಫಿ ತೋಟದ ಸಿಲ್ವರ್ ಓಕ್ ದಿಮ್ಮಿಗಳನ್ನು ಎಟಿವಿಯಿಂದ (ಗುಡ್ಡಗಾಡಿನಲ್ಲಿ ಓಡುವ ನಾಲ್ಕು ಚಕ್ರದ ಬೈಕ್) ಎಳೆಯಬಹುದೇ?

ಎಳೆಯಬಹುದು, ಆದರೆ ಮೊದಲು ತೂಕ ನೋಡಿ. ಒಂದಡಿ ದಪ್ಪ, ಹತ್ತಡಿ ಉದ್ದದ ಹಸಿ ದಿಮ್ಮಿ ಸುಮಾರು 200 ಕೆಜಿ ಬರುತ್ತದೆ. ದಪ್ಪ ಎರಡಡಿಯಾದರೆ ತೂಕ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದನ್ನು ಟ್ರ್ಯಾಕ್ಟರಿಗೆ ಬಿಡಿ.

ಬರೀ ಸರಪಳಿ ಕಟ್ಟಿ ಎಳೆದರೆ ದಿಮ್ಮಿಯ ಮೂತಿ ಮಣ್ಣು ಉಳುತ್ತಾ, ಕಾಫಿ ಬೇರು ಕೀಳುತ್ತಾ ಬರುತ್ತದೆ. ಅದರ ಬದಲು ಲಾಗ್ ಆರ್ಚ್ ಬಳಸಿ, ಅಂದರೆ ಎರಡು ಚಕ್ರದ ಮೇಲಿನ ಕಬ್ಬಿಣದ ಕಮಾನು. ಬುಡದ ಕಡೆಯನ್ನು ಒಂದಡಿಯಷ್ಟು ಎತ್ತಿ ಅದಕ್ಕೆ ನೇತುಹಾಕಿ. ಸರಪಳಿಯ ಕುಣಿಕೆ ತುದಿಯಿಂದ ಒಂದೂವರೆ ಅಡಿ ಒಳಗಿರಲಿ. ನೈಲಾನ್ ಹಗ್ಗ ಬೇಡ, ಹಿಗ್ಗಿ ತುಂಡಾದರೆ ಚಾಟಿಯಂತೆ ಬಡಿಯುತ್ತದೆ.

ಹಿಂತುದಿ ನೆಲಕ್ಕೆ ತಾಗಿಕೊಂಡೇ ಇರಬೇಕು. ಮೂಡಿಗೆರೆ, ಸಕಲೇಶಪುರದ ಇಳಿಜಾರಿನಲ್ಲಿ ಆ ಉಜ್ಜುವಿಕೆಯೇ ನಿಮ್ಮ ಬ್ರೇಕು. ಪೂರ್ತಿ ಎತ್ತಿದರೆ ದಿಮ್ಮಿಯೇ ಗಾಡಿಯನ್ನು ತಳ್ಳುತ್ತದೆ. ಇಳಿಯುವಾಗ ಲೋ ಗೇರ್, ನೇರ ದಾರಿ. ಅಡ್ಡ ಇಳಿಜಾರಿನಲ್ಲಿ ಹೋದರೆ ಆರ್ಚ್ ಮಗುಚುತ್ತದೆ.

ಆರ್ಚನ್ನು ಗಾಡಿಯ ಹಿಂದೆ ಕೆಳಗಿರುವ ಕೊಂಡಿ, ಅಂದರೆ ಹಿಚ್‌ಗೆ ಮಾತ್ರ ಜೋಡಿಸಿ. ಸಾಮಾನಿನ ರ‍್ಯಾಕಿಗೆ ಕಟ್ಟಿ, ದಿಮ್ಮಿ ಬೊಡ್ಡೆಗೆ ಸಿಕ್ಕಿಕೊಂಡರೆ ಮುಂದಿನ ಚಕ್ರ ಮೇಲೆದ್ದು ಗಾಡಿ ಸವಾರನ ಮೇಲೇ ಬೀಳುತ್ತದೆ.

ತಿರುವಿನಲ್ಲಿ ದಿಮ್ಮಿಯ ಬಾಲ ಒಳಗೆ ಸರಿಯುತ್ತದೆ. ಒಳಬದಿಯ ಗಿಡದ ಮುಂದೆ ಗಟ್ಟಿ ಗೂಟ ನೆಡಿ. ಹತ್ತಡಿ ಅಂತರದ ರೊಬಸ್ಟಾದಲ್ಲಿ ನಾಲ್ಕಡಿ ಅಗಲದ ಆರ್ಚ್ ನುಸುಳೀತು. ಆರಡಿಯ ಅರೇಬಿಕಾ ಸಾಲಿನಲ್ಲಿ ಗಿಡದ ರೆಕ್ಕೆಗಳು (ಅಡ್ಡ ರೆಂಬೆಗಳು) ಮುರಿಯುತ್ತವೆ, ಅಲ್ಲಿ ವಿಂಚಿನಿಂದ (ತಂತಿ ಸುತ್ತಿ ಎಳೆಯುವ ಯಂತ್ರ) ದಾರಿಯವರೆಗೆ ಎಳೆದುಕೊಳ್ಳುವುದೇ ಮೇಲು. ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮುಂಚಿನ ಒಣ ದಿನಗಳಲ್ಲಿ ಈ ಕೆಲಸ ಮುಗಿಸಿಕೊಳ್ಳಿ.