ಪ್ರೆಸ್ಟನ್ ತಂಡವನ್ನು 'ಅಜೇಯರು' ಅಂತ ಯಾಕೆ ಕರೀತಾರೆ?

1888-89ರಲ್ಲಿ ನಡೆದ ಮೊಟ್ಟಮೊದಲ ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ಒಂದೂ ಪಂದ್ಯ ಸೋಲಲಿಲ್ಲ, ಅದಕ್ಕೇ ಈ ಹೆಸರು. 22 ಪಂದ್ಯಗಳಲ್ಲಿ 18 ಗೆಲುವು, 4 ಡ್ರಾ. ಹೊಡೆದ ಗೋಲು 74, ಬಿಟ್ಟುಕೊಟ್ಟದ್ದು ಬರೀ 15. ಎರಡನೇ ಸ್ಥಾನದ ಆಸ್ಟನ್ ವಿಲ್ಲಾ 11 ಅಂಕ ಹಿಂದೆ! ಸಾಲದು ಅಂತ ಸೋತವರು ಹೊರಬೀಳುವ ಇಂಗ್ಲೆಂಡಿನ ಇನ್ನೊಂದು ಪಂದ್ಯಾವಳಿ ಎಫ್‌ಎ ಕಪ್ ಕೂಡ ಒಂದೂ ಗೋಲು ಬಿಟ್ಟುಕೊಡದೆ ಗೆದ್ದರು. ಫೈನಲ್‌ನಲ್ಲಿ ವುಲ್ವ್ಸ್ ವಿರುದ್ಧ 3-0.

ಲೀಗ್ ಕಟ್ಟಿದ್ದು ವಿಲ್ಲಾದ ವಿಲಿಯಂ ಮೆಕ್‌ಗ್ರೆಗರ್, ಬಟ್ಟೆ ವ್ಯಾಪಾರಿ. 1885ರಲ್ಲಿ ಆಟಗಾರರಿಗೆ ಸಂಬಳ ಕೊಡೋದು ಸಕ್ರಮವಾಗಿತ್ತು. ಸಂಬಳಕ್ಕೆ ಖಾಯಂ ಆದಾಯ ಬೇಕು, ಅದಕ್ಕೆ ಖಾಯಂ ಪಂದ್ಯಗಳು ಬೇಕು. ಸೇರಿದ 12 ಕ್ಲಬ್‌ಗಳೂ ಉತ್ತರ ಮತ್ತು ಮಧ್ಯ ಇಂಗ್ಲೆಂಡಿನವು, ಲಂಡನ್ನಿನದು ಒಂದೂ ಇಲ್ಲ. ತಮಾಷೆ ಅಂದರೆ, ಸೆಪ್ಟೆಂಬರ್ 8ಕ್ಕೆ ಆಟ ಶುರುವಾದರೂ ಗೆದ್ದರೆ 2, ಡ್ರಾಗೆ 1 ಅಂಕ ಅನ್ನೋದು ತೀರ್ಮಾನವಾಗಿದ್ದು ನವೆಂಬರ್‌ನಲ್ಲಿ.

ಪ್ರೆಸ್ಟನ್ನಿನ ಬಲ ಅಂದರೆ ತಂಡ ನಡೆಸುತ್ತಿದ್ದ ವಿಲಿಯಂ ಸಡೆಲ್ ಕರೆತಂದ ಸ್ಕಾಟ್ಲೆಂಡಿನ ಆಟಗಾರರು. ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ನುಗ್ಗೋದು ಅವರಿಗೆ ಕರಗತ. ಈಗಿನ ಆಟಕ್ಕೆ ಹೋಲಿಸೋದು ಕಷ್ಟ ಬಿಡಿ: ಪೆನಾಲ್ಟಿ ಇರಲಿಲ್ಲ, ಗೋಲಿಗೆ ಬಲೆಯೂ ಇರಲಿಲ್ಲ, ಗೋಲ್‌ಕೀಪರ್ ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡು ಕೈಯಲ್ಲಿ ಹಿಡೀಬಹುದಿತ್ತು. ಪ್ರೆಸ್ಟನ್ನಿನ ಹಾಗೆ 2003-04ರಲ್ಲಿ ಲಂಡನ್ನಿನ ಆರ್ಸೆನಲ್ ಕ್ಲಬ್ ಕೂಡ 38 ಲೀಗ್ ಪಂದ್ಯ ಸೋಲದೆ ಮುಗಿಸಿತು, ಆದರೆ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಮುಗ್ಗರಿಸಿತು.