ಪೆನ್ನಿ ಹಾಳೆಯ ಹಾಡಿಗೆ ಮೈಲಿಗೆಯೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಬೀದಿ ಬ್ಯಾಲಡ್‌ಗಳಿಗೆ, ಅಂದರೆ ಕಥನಗೀತೆಗಳಿಗೆ, ನಾಲ್ಕು ಪುಟ ಕೊಟ್ಟಿದ್ದೀರಿ. ಕೊಲೆ, ನೇಣು, ಹಾದರಗಳಿಗೆ ಪ್ರಾಸ ಕಟ್ಟಿ ಒಂದು ಪೆನ್ನಿಗೆ ಮಾರಿದ ಹಾಳೆಗಳು ಅವು. ನಿಜವಾದ ಜನಪದ ಹಾಡು ಓದುಬರಹ ತಿಳಿಯದ ಹಳ್ಳಿಗರ ನಾಲಿಗೆಯ ಮೇಲಿತ್ತು, ಅಚ್ಚಿನ ಯಂತ್ರ ಅದನ್ನು ಕೆಡಿಸಿತು. ಸ್ವರಲಿಪಿಯೇ ಇಲ್ಲದ ಹಾಳೆಯನ್ನು ನೋಡಿ ಯಾರಾದರೂ ಹಾಡುವುದು ಹೇಗೆ? ನೀವು ಪ್ರಕಟಿಸಿದ ಚಿತ್ರಕ್ಕೂ ಅದರ ಕೆಳಗಿನ ಹಾಡಿಗೂ ಸಂಬಂಧವೇ ಕಾಣಲಿಲ್ಲ. ಇಷ್ಟಾಗಿಯೂ ಇಂಥ ಹಾಳೆಗಳನ್ನು ನೋಡಬೇಕೆಂದರೆ ಎಲ್ಲಿ ಸಿಗುತ್ತವೆ, ತಿಳಿಸಿ.
— ಧಾರವಾಡದ ಓದುಗರೊಬ್ಬರು

ಸಂಪಾದಕರ ಉತ್ತರ:

ಚಿತ್ರದ ಮಾತನ್ನು ಮೊದಲು ಮುಗಿಸುತ್ತೇನೆ. ಸಂಬಂಧ ಕಾಣಲಿಲ್ಲ ಎಂದಿರಿ, ಇರಲೇ ಇಲ್ಲ. ಮರದಚ್ಚು ಕೆತ್ತಿಸುವುದು ದುಬಾರಿ ಕೆಲಸ, ಹಾಳೆಯ ಬೆಲೆ ಅರ್ಧ ಪೆನ್ನಿ ಅಥವಾ ಒಂದು ಪೆನ್ನಿ. ಆದ್ದರಿಂದ ಮುದ್ರಕರು ಇದ್ದ ಅಚ್ಚುಗಳನ್ನೇ ದಶಕಗಟ್ಟಲೆ ದುಡಿಸಿದರು. ಬೀಸಣಿಗೆ ಹಿಡಿದ ಒಬ್ಬಳೇ ಹೆಂಗಸು ಒಂದು ಹಾಳೆಯಲ್ಲಿ ಪ್ರೇಯಸಿಯಾಗುತ್ತಾಳೆ, ಇನ್ನೊಂದರಲ್ಲಿ ಗಂಡನನ್ನು ಕೊಂದವಳಾಗುತ್ತಾಳೆ. ಹಳೆಯ ಅಚ್ಚುಗಳಿಗೆ ಹುಳು ಬಿದ್ದು, ಅದು ಕೊರೆದ ತೂತುಗಳು ಕಾಗದದ ಮೇಲೆ ಬಿಳಿ ಚುಕ್ಕೆಗಳಾಗಿ ಮೂಡಿವೆ. ಈಗಿನ ವಿದ್ವಾಂಸರು ಆ ಚುಕ್ಕೆಗಳನ್ನು ಎಣಿಸಿ ಯಾವ ಮುದ್ರಣ ಮೊದಲು, ಯಾವುದು ಆಮೇಲೆ ಎಂದು ಹೇಳುತ್ತಾರೆ. ಹುಳುವಿನಿಂದಲೂ ಸಾಹಿತ್ಯ ಚರಿತ್ರೆಗೆ ಉಪಕಾರವಾಗುವುದುಂಟು.

ಸ್ವರಲಿಪಿಯ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ನಮ್ಮ ಕಂಪನಿ ನಾಟಕಗಳ ಹಾಡಿನ ಪುಸ್ತಕಗಳನ್ನು ನೀವು ನೋಡಿರುತ್ತೀರಿ. ಹಾಡಿನ ತಲೆಯ ಮೇಲೆ ಜನಪ್ರಿಯ ಹಾಡೊಂದರ ಮೊದಲ ಮಾತು ಕೊಟ್ಟು ‘ಎಂಬ ಮಟ್ಟು’ ಎಂದು ಅಚ್ಚು ಹಾಕುತ್ತಿದ್ದರು, ಓದುವವನಿಗೆ ಅಷ್ಟು ಸಾಕಾಗುತ್ತಿತ್ತು. ಇಂಗ್ಲೆಂಡಿನ ಹಾಳೆಗಳಲ್ಲೂ ಶೀರ್ಷಿಕೆಯ ಕೆಳಗೆ ಇಂಥ ಧಾಟಿಯಲ್ಲಿ ಹಾಡುವುದು ಎಂದು ಒಂದು ಸಾಲು ಇರುತ್ತಿತ್ತು. ‘ಫಾರ್ಚೂನ್ ಮೈ ಫೋ’ ಎಂಬ ಧಾಟಿ ನೇಣಿಗೇರುವವರ ವಿಲಾಪಗಳಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಅದರ ಹೆಸರು ಕಂಡ ಕೂಡಲೇ ಹಾಡು ಯಾವ ಬಗೆಯದೆಂದು ಕೊಳ್ಳುವವನಿಗೆ ತಿಳಿಯುತ್ತಿತ್ತು. ‘ಗ್ರೀನ್‌ಸ್ಲೀವ್ಸ್’ 1580ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಮುದ್ರಕರ ಸಂಘವಾದ ಸ್ಟೇಷನರ್ಸ್ ಕಂಪನಿಯ ದಫ್ತರದಲ್ಲಿ ನೋಂದಣಿಯಾಯಿತು. ಅದೇ ತಿಂಗಳು ಅದರ ಬೈಬಲ್ ನೀತಿಯ ರೂಪವೊಂದೂ ನೋಂದಣಿಗೆ ಬಂತು. ಪ್ರಣಯಕ್ಕೆ ಹುಟ್ಟಿದ ಧಾಟಿ ಭಕ್ತಿಗೂ ಬಂತು, ಆಮೇಲೆ ರಾಜಕೀಯಕ್ಕೂ ಬಂತು.

ಧಾಟಿ ಗೊತ್ತಿಲ್ಲದವನಿಗೆ ಮಾರುವವನೇ ಗುರು. ಅವನು ಸಂತೆಯಲ್ಲಿ, ಸೇತುವೆಯ ಮೇಲೆ, ನಾಟಕಶಾಲೆಯ ಬಾಗಿಲಲ್ಲಿ ನಿಂತು ಹಾಡಿಯೇ ಮಾರುತ್ತಿದ್ದ. ಷೇಕ್ಸ್‌ಪಿಯರ್ ತನ್ನ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಆಟೋಲಿಕಸ್ ಎಂಬ ಕಳ್ಳ ವ್ಯಾಪಾರಿಯ ಕೈಗೆ ಬ್ಯಾಲಡ್‌ಗಳ ಕಟ್ಟು ಕೊಟ್ಟಿದ್ದಾನೆ. ಹಳ್ಳಿಯ ಹುಡುಗಿ ಮಾಪ್ಸಾ ತನಗೆ ಅಚ್ಚಾದ ಬ್ಯಾಲಡ್ ಎಂದರೆ ಪ್ರಾಣ, ಅಚ್ಚಾಗಿದ್ದರೆ ಅದು ನಿಜವೇ ಇರಬೇಕು ಎನ್ನುತ್ತಾಳೆ. ಅವನು ಹೊಸ ಹಾಡು ತೆಗೆದಾಗ ಜೊತೆಗಾತಿ ಡಾರ್ಕಸ್, ಈ ಧಾಟಿ ತಿಂಗಳ ಹಿಂದೆಯೇ ತಮಗೆ ಸಿಕ್ಕಿದೆ ಎನ್ನುತ್ತಾಳೆ. ಹಾಳೆ ಊರಿಗೆ ಬರುವ ಮೊದಲೇ ಧಾಟಿ ಬಂದಿತ್ತು! ಬೆನ್ ಜಾನ್ಸನ್ 1614ರ ‘ಬಾರ್ತಲೋಮ್ಯೂ ಫೇರ್’ ನಾಟಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅಲ್ಲಿ ಹಾಡುಗಾರ ಜನ ಸೇರಿಸುತ್ತಾನೆ, ಅವನ ಪಾಲುದಾರ ಜೇಬು ಕತ್ತರಿಸುತ್ತಾನೆ. ಕತ್ತರಿಸುವ ಹೊತ್ತಿಗೆ ನಡೆಯುತ್ತಿರುವ ಹಾಡು ಜೇಬುಗಳ್ಳರ ಬಗ್ಗೆ ಎಚ್ಚರಿಕೆ ಹೇಳುವಂಥದ್ದೇ.

ಇನ್ನು ನಿಮ್ಮ ಮುಖ್ಯ ಆಕ್ಷೇಪ. ಓದುಬರಹ ಬಾರದವರ ಹಾಡು ಒಂದು ಕಡೆ, ಅಚ್ಚಿನ ಹಾಡು ಇನ್ನೊಂದು ಕಡೆ ಎಂಬ ಗೋಡೆಯನ್ನು ನೀವು ಎಬ್ಬಿಸಿದ್ದೀರಿ. ಆ ಗೋಡೆ ಆ ಕಾಲದವರಿಗೆ ಕಂಡಿರಲಿಲ್ಲ. 1595ರಲ್ಲಿ ನಿಕೋಲಸ್ ಬೌಂಡ್ ಎಂಬ ಪಾದ್ರಿ, ಭಾನುವಾರದ ಆಚರಣೆಯ ಕುರಿತು ಬರೆದ ಗ್ರಂಥದಲ್ಲಿ ಬಡವರ ಗುಡಿಸಲುಗಳನ್ನು ಕಂಡು ಗೊಣಗುತ್ತಾನೆ. ತಾವು ಓದಲಾರದವರೂ, ಮನೆಯಲ್ಲಿ ಓದಬಲ್ಲವರು ಯಾರೂ ಇಲ್ಲದವರೂ ಗೋಡೆಗೆ ಬ್ಯಾಲಡ್‌ಗಳನ್ನು ಹಚ್ಚಿಕೊಂಡಿರುತ್ತಾರೆ, ಸಮಯ ಬಂದಾಗ ಕಲಿಯಬಹುದೆಂದು! ಊರಿಗೆ ಬಂದ ಓದುಬಲ್ಲವನೊಬ್ಬ ಎರಡು ಸಲ ಹಾಡಿ ತೋರಿಸಿದರೆ ಮುಗಿಯಿತು, ಹಾಡು ಮನೆಯದಾಯಿತು. ಐಸಾಕ್ ವಾಲ್ಟನ್ 1653ರಲ್ಲಿ ಮೀನು ಹಿಡಿಯುವ ಬಗ್ಗೆ ಬರೆದ ಪುಸ್ತಕದಲ್ಲಿ ಒಳ್ಳೆಯ ಪಾನಗೃಹವೆಂದರೆ ಹೇಗಿರಬೇಕೆಂದು ವರ್ಣಿಸುವಾಗ, ಕಿಟಕಿಯಲ್ಲಿ ಲ್ಯಾವೆಂಡರ್ ಹೂವಿನ ಜೊತೆ ಗೋಡೆಗೆ ಅಂಟಿಸಿದ ಇಪ್ಪತ್ತು ಬ್ಯಾಲಡ್‌ಗಳನ್ನೂ ಸೇರಿಸುತ್ತಾನೆ. ಓದು ಬಾರದವರೇ ಗಿರಾಕಿಗಳಾಗಿದ್ದ ಮುದ್ರಣೋದ್ಯಮ ಅದು.

ಕೊಲೆ, ನೇಣುಗಳ ವಿಷಯದಲ್ಲಿ ನಿಮ್ಮ ಅಸಹ್ಯ ನನಗೆ ಅರ್ಥವಾಗುತ್ತದೆ. 19ನೆಯ ಶತಮಾನದ ಲಂಡನ್ನಿನಲ್ಲಿ ಸೆವೆನ್ ಡಯಲ್ಸ್ ಎಂಬ ಬಡಕೇರಿ ಈ ವ್ಯಾಪಾರದ ರಾಜಧಾನಿ. 1813ರಲ್ಲಿ ಅಲ್ಲಿಗೆ ಬಂದ ಮುದ್ರಕ ಜೇಮ್ಸ್ ಕ್ಯಾಟ್ನಾಕ್, ಅದಾಗಲೇ ಬೇರೂರಿದ್ದ ಜಾನ್ ಪಿಟ್ಸ್‌ನ ಜೊತೆ ಜಿದ್ದಿಗೆ ಬಿದ್ದು, ಒಬ್ಬರ ಹಾಡನ್ನು ಇನ್ನೊಬ್ಬರು ಸಂಕೋಚವಿಲ್ಲದೆ ಅಚ್ಚು ಹಾಕಿಕೊಂಡರು. ಹಾಡು ಬರೆದವನಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಒಂದು ಷಿಲ್ಲಿಂಗ್. ಹೆಸರೂ ಇಲ್ಲ, ಹಕ್ಕೂ ಇಲ್ಲ. ಕ್ಯಾಟ್ನಾಕ್ ಎಂಥ ಧೈರ್ಯಸ್ಥನೆಂದರೆ, ಒಬ್ಬ ಹಂದಿಮಾಂಸದ ವ್ಯಾಪಾರಿಯ ಅಂಗಡಿಯಲ್ಲಿ ಮನುಷ್ಯರ ಮಾಂಸ ಸಿಕ್ಕಿತೆಂದು ಅಚ್ಚು ಹಾಕಿ 1818ರಲ್ಲಿ ಆರು ತಿಂಗಳು ಜೈಲಿಗೆ ಹೋಗಿ ಬಂದ. 1828ರಲ್ಲಿ ಸಫೋಕ್‌ನ ‘ರೆಡ್ ಬಾರ್ನ್’ ಎಂಬ ಧಾನ್ಯದ ಕೊಟ್ಟಿಗೆಯಲ್ಲಿ ಕೊಲೆ ಮಾಡಿದ ವಿಲಿಯಂ ಕಾರ್ಡರ್‌ನನ್ನು ಗಲ್ಲಿಗೇರಿಸಿದಾಗ ಅವನ ‘ಕೊನೆಯ ಮಾತು’ಗಳ ಹಾಳೆ ಹನ್ನೊಂದು ಲಕ್ಷಕ್ಕೂ ಹೆಚ್ಚು ಖರ್ಚಾಯಿತು ಎಂಬುದು ಆ ವ್ಯಾಪಾರದವರು ಹೇಳಿಕೊಂಡ ಲೆಕ್ಕ. ಬೀದಿಯ ಬದುಕನ್ನು ದಾಖಲಿಸಿದ ಹೆನ್ರಿ ಮೇಹ್ಯೂಗೆ, 1849ರಲ್ಲಿ ನೇಣಿಗೇರಿದ ಮ್ಯಾನಿಂಗ್ ದಂಪತಿಯ ಹಾಳೆಗಳು 25 ಲಕ್ಷ ಮಾರಾಟವಾದವೆಂಬ ಲೆಕ್ಕ ಸಿಕ್ಕಿತು. ಉತ್ಪ್ರೇಕ್ಷೆ ಇದ್ದೀತು, ಮಾರುವವನ ಬಾಯಿಯ ಲೆಕ್ಕ ಅದು. ಅರ್ಧ ಕಳೆದರೂ ದೊಡ್ಡ ಸಂಖ್ಯೆಯೇ. ‘ಕೊನೆಯ ಮಾತು’ ಕೈದಿ ಆಡುವ ಮೊದಲೇ ಅಚ್ಚಾಗಿ ಗಲ್ಲುಗಂಬದ ಬುಡದಲ್ಲಿ ಮಾರಾಟಕ್ಕಿರುತ್ತಿತ್ತು ಎಂಬುದನ್ನು ಮಾತ್ರ ಮರೆಯಬೇಡಿ. ಕೈದಿ ಸುಮ್ಮನೆ ಸತ್ತರೂ ಹಾಳೆಯಲ್ಲಿ ಎಂಟು ಚರಣ ಪಶ್ಚಾತ್ತಾಪಪಡುತ್ತಿದ್ದ.

ಇವುಗಳಲ್ಲಿ ಬಹುಪಾಲು ಕಳಪೆ ಪದ್ಯಗಳು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಳಪೆ ಎಂಬುದು ಒಂದು ತೀರ್ಪು, ಜಾನಪದವಲ್ಲ ಎಂಬುದು ಇನ್ನೊಂದು. ಈ ಎರಡನ್ನು ಬೆರೆಸಿದವರಲ್ಲಿ ನೀವು ಮೊದಲಿಗರಲ್ಲ, ಹಾರ್ವರ್ಡ್‌ನ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ನಿಮಗಿಂತ ಖಾರವಾಗಿ ಬೈದಿದ್ದಾನೆ. ಬೀದಿ ಹಾಳೆಗಳ ಪ್ರಸಿದ್ಧ ಸಂಗ್ರಹಗಳು ತಿಪ್ಪೆಗುಂಡಿಗಳು, ವಾಕರಿಸಿಕೊಂಡು ಕೆದಕಿದರೆ ಎಲ್ಲೋ ಒಂದು ಸಾಧಾರಣ ರತ್ನ ಸಿಗುತ್ತದೆ ಎಂಬುದು 1872ರಲ್ಲಿ ಅವನು ಬರೆದ ಪತ್ರವೊಂದರ ಮಾತು. ಅದೇ ಚೈಲ್ಡ್ 1882ರಿಂದ 1898ರವರೆಗೆ 305 ಬ್ಯಾಲಡ್‌ಗಳ ಮಹಾಸಂಕಲನವನ್ನು ಹೊರತಂದಾಗ ಅದೇ ತಿಪ್ಪೆಗೆ ಮತ್ತೆ ಮತ್ತೆ ಕೈಹಾಕಬೇಕಾಯಿತು. ಅವನ ಪಟ್ಟಿಯ 84ನೆಯದು ‘ಬಾರ್ಬರಾ ಅಲೆನ್’. ಸಾಯುತ್ತಿರುವ ಪ್ರಿಯಕರನ ಬಳಿಗೆ ತಡವಾಗಿ ಬಂದು, ಆಮೇಲೆ ತಾನೂ ಎದೆಯೊಡೆದು ಸಾಯುವ ಹುಡುಗಿಯ ಹಾಡು. ಲಂಡನ್ನಿನ ಪ್ರಸಿದ್ಧ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಇದನ್ನು 1666ರ ಜನವರಿ 2ರಂದು ನಟಿಯೊಬ್ಬಳ ಕಂಠದಲ್ಲಿ ಕೇಳಿ ಸಂತೋಷಪಟ್ಟದ್ದನ್ನು ದಿನಚರಿಯಲ್ಲಿ ಬರೆದಿದ್ದಾನೆ. ಮುಂದೆ ಅದು ಬೀದಿ ಹಾಳೆಯಾಯಿತು, ಹಳ್ಳಿಗರ ಹಾಡಾಯಿತು, ಹಡಗು ಹತ್ತಿ ಅಮೆರಿಕದ ಬೆಟ್ಟಗಾಡಿಗೂ ಹೋಯಿತು. ಇದರಲ್ಲಿ ಶುದ್ಧ ರೂಪ ಯಾವುದು? ನಟಿಯದೋ, ಮುದ್ರಕನದೋ, ಬೆಟ್ಟದ ಅಜ್ಜಿಯದೋ?

1903ರಲ್ಲಿ ಹಾಡು ಸಂಗ್ರಾಹಕ ಸೆಸಿಲ್ ಷಾರ್ಪ್ ಸಾಮರ್ಸೆಟ್‌ನ ಹ್ಯಾಂಬ್ರಿಡ್ಜ್‌ನಲ್ಲಿ ತೋಟಗಾರನೊಬ್ಬನಿಂದ ಕೇಳಿ ಬರೆದುಕೊಂಡ ‘ದಿ ಸೀಡ್ಸ್ ಆಫ್ ಲವ್’ ಹಾಡಿನಿಂದ ಇಂಗ್ಲಿಷ್ ಜಾನಪದ ಪುನರುತ್ಥಾನ ಗರಿಗೆದರಿತು ಎನ್ನುತ್ತಾರೆ. ಅದೂ ಅಷ್ಟರೊಳಗೆ ಬೀದಿ ಹಾಳೆಗಳಲ್ಲಿ ಬಂದಿದ್ದ ಹಾಡೇ. ತೋಟಗಾರನ ಹಾಡಿಕೆಯ ಬೆಲೆ ಇದರಿಂದ ಕಡಿಮೆಯಾಗಲಿಲ್ಲ. ಧಾಟಿ ಅವನದು, ಬಿಟ್ಟ ಚರಣ ಅವನದು, ತಿದ್ದಿದ ಸಾಲು ಅವನದು. ಸ್ಟೀವ್ ರೌಡ್ ಎಂಬ ಗ್ರಂಥಪಾಲಕರು ರೂಪಿಸಿದ ಹಾಡುಗಳ ಸೂಚಿಯಲ್ಲಿ ಬಾಯಿಂದ ಬಂದ ಪಾಠಕ್ಕೂ ಹಾಳೆಯಿಂದ ಬಂದ ಪಾಠಕ್ಕೂ ಒಂದೇ ಸಂಖ್ಯೆ. ಅದು ಸರಿಯಾದ ನ್ಯಾಯ.

ಹಾಗಾದರೆ ಈ ಹಾಳೆಗಳು ಏಕೆ ನಿಂತವು? ಹಾಡಿನ ಹಸಿವು ಸತ್ತದ್ದರಿಂದಲ್ಲ. 1855ರಲ್ಲಿ ಪತ್ರಿಕೆಗಳ ಮೇಲಿನ ಮುದ್ರಾಂಕ ತೆರಿಗೆ ಹೋಯಿತು, ಒಂದು ಪೆನ್ನಿಗೆ ಇಡೀ ಪತ್ರಿಕೆಯೇ ಸಿಗತೊಡಗಿತು. 1868ರಲ್ಲಿ ಬಹಿರಂಗ ನೇಣು ನಿಂತಿತು. ಹೊಸ ಹಾಡುಗಳನ್ನು ಮ್ಯೂಸಿಕ್ ಹಾಲ್ ಎಂಬ ಹಾಡು-ಹಾಸ್ಯದ ರಂಗಮಂದಿರಗಳು ಕೊಡತೊಡಗಿದವು.

ನೀವು ಕೇಳಿದ ವಿಳಾಸ: ಪೀಪ್ಸ್ ಕೂಡಿಟ್ಟ ಸುಮಾರು 1,800 ಬ್ಯಾಲಡ್‌ಗಳು ಐದು ಸಂಪುಟಗಳಲ್ಲಿ ಕೇಂಬ್ರಿಡ್ಜ್‌ನ ಮಾಡ್ಲಿನ್ ಕಾಲೇಜಿನಲ್ಲಿವೆ. ಧಾರವಾಡದಿಂದ ಅಷ್ಟು ದೂರ ಹೋಗಬೇಕಾಗಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದವರು ಇಂಗ್ಲಿಷ್ ಬ್ರಾಡ್‌ಸೈಡ್ ಬ್ಯಾಲಡ್ ಆರ್ಕೈವ್ ಎಂಬ ಹೆಸರಿನಲ್ಲಿ ಅವುಗಳ ಚಿತ್ರಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಧಾಟಿ ಗೊತ್ತಿರುವ ಹಾಡುಗಳನ್ನು ಹಾಡಿಸಿ ಧ್ವನಿಮುದ್ರಣವನ್ನೂ ಜೋಡಿಸಿದ್ದಾರೆ. ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದ ಸುಮಾರು 30,000 ಹಾಳೆಗಳ ಸಂಗ್ರಹವೂ ಹಾಗೆಯೇ ನೋಡಲು ಸಿಗುತ್ತದೆ. ಕ್ಯಾಟ್ನಾಕ್, ಪಿಟ್ಸ್ ಇಬ್ಬರ ಹಾಳೆಗಳೂ ಅಲ್ಲಿವೆ.